ಬೀಜ ತಿಂದಾಕಿ

ಬೆಳಗ್ಗೆ ಎದ್ದಾಗಿನಿಂದ ಅಲ್ಮಾಸಬಿಗೆ ನಗು ಬರುತ್ತಿತ್ತು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಾಗ ಬಂತು, ಗಂಡ ಮಲಂಗಸಾಬನ ತಟ್ಟೆಗೆ ಬದನೆಕಾಯಿ ಪಲ್ಯ ಹಾಕುವಾಗ ಬಂತು. ಅವನು ತಲೆಯೆತ್ತಿ ನೋಡಿದಾಗ ಹೊಗೆಯ ನೆಪ ಮಾಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇವತ್ತು ಹೀರೆಯ ಬೀಜ ಹಾಕುವ ದಿನ. ಶಿವರಾತ್ರಿ ಕಳೆದು ಚಳಿ ಹಿಂದೆ ಸರಿದಿತ್ತು, ಹಿತ್ತಿಲ ಬೇವಿನ ಮರದಲ್ಲಿ ಎಳೆಗೆಂಪು ಚಿಗುರು ಕಾಣಿಸಿಕೊಂಡಿತ್ತು. ಬಾವಿ ಪಕ್ಕದ ಮಡಿಗಳನ್ನು ಮಲಂಗಸಾಬ ನಿನ್ನೆಯೇ ಹದ ಮಾಡಿ ನೀರುಣಿಸಿ ಬಿಟ್ಟಿದ್ದ. ಇನ್ನೇನು ಬಿಸಿಲು ಏರುವ ಮೊದಲು ಸುಗ್ರಾಬಿ, ಅಂದರೆ ಮಲಂಗಸಾಬನ ಅಣ್ಣನ ಹೆಂಡತಿ, ಈ ಮನೆಯ ಹಿರಿಯ ಸೊಸೆ, ಅಟ್ಟದ ಮೇಲಿನ ಗಡಿಗೆ ಇಳಿಸಿ, ಬೂದಿ ಜಾಡಿಸಿ, ಓಣಿಯ ಹೆಂಗಸರೆಲ್ಲ ನೋಡುತ್ತಿರುವಾಗ ವರ್ಷದ ಮೊದಲ ಬೀಜವನ್ನು ಮಣ್ಣಿಗೆ ಊರುತ್ತಾಳೆ. ಊರಲಿ. ಎಲ್ಲರ ಎದುರಿಗೇ ಊರಲಿ. ಆ ಗಡಿಗೆಯಲ್ಲಿರುವುದು ಕಹಿ ಹೀರೆಯ ಬೀಜ ಎಂಬುದು ಅಲ್ಮಾಸಬಿಗೆ ಬಿಟ್ಟರೆ ಇಡೀ ಮುಳಗುಂದದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಬೀಜ ಸಿಕ್ಕಿದ್ದು ನಾಗಾವಿಯಲ್ಲಿ. ದೂರದ ಸಂಬಂಧದ ಮುದುಕಿ ತೀರಿಕೊಂಡಳೆಂದು ಮನೆಯವರನ್ನು ಮಾತಾಡಿಸಲು ಹೋಗಿ, ತಿರುಗಿ ಬರುವಾಗ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಬಿದ್ದ ಗೋಡೆಯೊಂದರ ಮೇಲೆ ಒಣಗಿದ ಬಳ್ಳಿ ಹಬ್ಬಿತ್ತು. ಗಾಳಿ ಬಂದಾಗ ಅದರ ಗಿಡ್ಡ ಕಾಯಿಗಳ ಒಳಗೆ ಬೀಜ ಗಿಲಿಗಿಲಿ ಅನ್ನುತ್ತಿದ್ದವು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಅಲ್ಲೇ ಮೇಯುತ್ತಿದ್ದ ಆಡು ಆ ಬಳ್ಳಿಯನ್ನು ಮೂಸಿ, ಮುಖ ತಿರುವಿ ಮುಂದೆ ಹೋಯಿತು. ಹಾಗೆ ಹೋದದ್ದನ್ನು ನೋಡಿದಾಗಲೇ ಅಲ್ಮಾಸಬಿಯ ಎದೆಯಲ್ಲಿ ಏನೋ ಒಂದು ತಟ್ಟನೆ ಎದ್ದು ಕುಳಿತಂತಾಗಿತ್ತು. ಸತ್ತವರ ಮನೆಯಿಂದ ಬರುತ್ತಿದ್ದೇನೆ ಎಂಬುದನ್ನೂ ಮರೆತು ಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಸುಗ್ರಾಬಿ ಲಕ್ಷ್ಮೇಶ್ವರದ ಸಂತೆಗೆ ಹೋದ ದಿನ ಗಡಿಗೆಯ ಬಾಯಿಗೆ ಮೆತ್ತಿದ ಸಗಣಿಯನ್ನು ಬಿಡಿಸಿ, ಒಳ್ಳೆಯ ಬೀಜವನ್ನೆಲ್ಲ ಸುರುವಿಕೊಂಡು, ಆ ಜಾಗದಲ್ಲಿ ಇದನ್ನು ತುಂಬಿ, ಮತ್ತೆ ಮೊದಲಿನಂತೆ ಮೆತ್ತಿಟ್ಟಳು. ಒಳ್ಳೆಯ ಬೀಜವನ್ನು ಒಲೆಗೆ ಹಾಕಿದಳು. ಅವು ಚಟಪಟ ಸಿಡಿದವು. ಆ ಸದ್ದು ಕೇಳಿ ಅವಳಿಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ, ಹಸಿವಾಯಿತು. ಅಂದು ಎಂದಿಗಿಂತ ಒಂದು ರೊಟ್ಟಿ ಹೆಚ್ಚು ತಿಂದಳು.

ಅಂದಿನಿಂದ ಅವಳಿಗೆ ಒಂದು ಆಟ ಸಿಕ್ಕಿತ್ತು. ಕೆಲಸ ಮಾಡುತ್ತಲೇ ಕಣ್ಣ ಮುಂದೆ ಕಾಯಿ ಬಿಡಿಸುವ ದಿನವನ್ನು ತಂದುಕೊಳ್ಳುವಳು. ಈ ಮನೆಯ ಮೊದಲ ಕೊಯ್ಲನ್ನು ಮಾರುವಂತಿಲ್ಲ, ಓಣಿಗೆಲ್ಲ ಹಂಚಬೇಕು. ಸುಗ್ರಾಬಿ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಾಳೆ, ಹೋದಲ್ಲೆಲ್ಲ ‘ನಮ್ಮ ಹೀರಿ ಅಂದ್ರ ಬೆಣ್ಣಿ’ ಅನ್ನುತ್ತಾಳೆ. ಪಕ್ಕದ ಹೊಲದ ರೇಣುಕವ್ವನ ಮನೆಯಲ್ಲಿ ಪಲ್ಯ ಕುದಿಯುತ್ತದೆ, ಆಚೆ ಓಣಿಯ ಮೋತಿಬಿಯ ಮನೆಯಲ್ಲಿ ಬೇಳೆಗೆ ಬೀಳುತ್ತದೆ. ಆಮೇಲೆ ಮೊದಲ ತುತ್ತು. ಥೂ! ಒಂದು ಮನೆಯಿಂದ ಥೂ, ಅದರ ಪಕ್ಕದ ಮನೆಯಿಂದ ಥೂ. ಅಲ್ಮಾಸಬಿ ಪಾತ್ರೆ ತಿಕ್ಕುತ್ತ ಒಂದೊಂದು ಮನೆಗೂ ಅದರದೇ ದನಿಯಲ್ಲಿ ಉಗುಳುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತನ್ನ ಕೈ ಎಲ್ಲೂ ಕಾಣಿಸುವುದಿಲ್ಲ. ಉಳಿಯುವುದು ಸುಗ್ರಾಬಿಯ ಕೈ, ಊರಲ್ಲೆಲ್ಲ ಹೆಸರು ಮಾಡಿದ ಆ ಕೈ.

ಅವಳು ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದವಳು. ಮಗ್ಗದ ಸದ್ದಿಲ್ಲದಿದ್ದರೆ ನಿದ್ದೆ ಬಾರದ ಮನೆ. ಮಣ್ಣೆಂದರೆ ಅಂಗಳಕ್ಕೆ ಸಾರಿಸುವುದು, ಕಾಯಿಪಲ್ಲೆಯೆಂದರೆ ಬುಟ್ಟಿಯಲ್ಲಿ ಬಾಗಿಲಿಗೆ ಬರುವುದು, ಅಷ್ಟೇ ಗೊತ್ತಿದ್ದದ್ದು. ಮದುವೆಯಾಗಿ ಬಂದ ವರ್ಷ ಮನೆಗೆ ಯಾರೋ ನೆಂಟರು ಬಂದರು. ಅತ್ತೆ, ಬಳ್ಳಿಯಿಂದ ಕಾಯಿ ಹರಿದುಕೊಂಡು ಬಾ ಎಂದು ಕಳಿಸಿದಳು. ಹಂದರದ ತುಂಬ ಕಾಯಿ ತೂಗುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದವಾದ, ನೇರವಾದ ನಾಲ್ಕಾರು ಕಾಯಿಗಳ ತೊಟ್ಟಿಗೆ ಕೆಂಪು ಚಿಂದಿ ಕಟ್ಟಿತ್ತು. ಅಲ್ಮಾಸಬಿಗೆ ಖುಷಿಯಾಯಿತು. ಅವಳ ತವರಿನಲ್ಲಿ ನೇಯ್ದಿಟ್ಟ ಸೀರೆಗಳಲ್ಲಿ ಯಾವುದಕ್ಕೆ ಕೆಂಪು ದಾರ ಕಟ್ಟಿರುತ್ತದೋ ಅದು ಆರಿಸಿದ ಸೀರೆ, ಗಿರಾಕಿ ಬಂದರೆ ಅದನ್ನೇ ತೆಗೆದುಕೊಡಬೇಕು. ದಾರ ಕಟ್ಟಿದ್ದನ್ನು ಬಿಟ್ಟು ಬೇರೆ ಕೊಟ್ಟರೆ ಅಪ್ಪ ಬೈಯುತ್ತಿದ್ದ. ಇಲ್ಲಿಯೂ ಅತ್ತೆ ನೆಂಟರಿಗೆಂದು ಆರಿಸಿಟ್ಟಿದ್ದಾಳೆ, ಎಷ್ಟು ಅಚ್ಚುಕಟ್ಟಿನ ಜನ ಎಂದುಕೊಂಡು ಚಿಂದಿ ಬಿಚ್ಚಿ ಅವನ್ನೇ ಹರಿದಳು. ಹೆಚ್ಚಿ, ಒಗ್ಗರಣೆ ಹಾಕಿ, ಸ್ವಲ್ಪ ಬಲಿತಂತಿದ್ದರೂ ಹದವಾಗಿ ಬೇಯಿಸಿ ಬಡಿಸಿದಳು. ನೆಂಟರು ಹೊಗಳಿದರು. ಅತ್ತೆ ಕಸದಲ್ಲಿ ಚಿಂದಿ ಕಂಡದ್ದು ಸಂಜೆಗೆ.

ಅವು ಬೀಜಕ್ಕೆ ಬಿಟ್ಟ ಕಾಯಿ. ಅತ್ತೆಯ ಅತ್ತೆ ತಂದ ತಳಿ. ವರ್ಷವರ್ಷವೂ ಮೊದಲಿನ ಚಲೋ ಕಾಯಿಗಳಿಗೆ ಚಿಂದಿ ಕಟ್ಟಿ, ಬಳ್ಳಿಯಲ್ಲೇ ಒಣಗಲು ಬಿಟ್ಟು ಉಳಿಸಿಕೊಂಡು ಬಂದ ಬೀಜ. ಅಂದು ಅತ್ತೆ ಬೈಯಲಿಲ್ಲ, ಸುಮ್ಮನೆ ಕುಳಿತು ಅತ್ತಳು. ಬೈದಿದ್ದರೆ ಮುಗಿದುಹೋಗುತ್ತಿತ್ತೇನೋ. ಬಾಗಿಲಿಗೆ ಒರಗಿ ನಿಂತಿದ್ದ ಸುಗ್ರಾಬಿ ನಗುತ್ತ, “ಬಂದಳಲ್ಲಾ ನಮ್ಮ ಮನೀಗೆ ಬೀಜ ತಿಂದಾಕಿ!” ಅಂದಳು. ಅಷ್ಟೇ. ಮರುವರ್ಷ ರೇಣುಕವ್ವನ ಮನೆಯಿಂದ ಅದೇ ತಳಿಯ ಹಿಡಿ ಬೀಜ ತಿರುಗಿ ಬಂತು, ಹಂದರ ಮತ್ತೆ ತುಂಬಿತು, ಅತ್ತೆ ಮರೆತಳು, ಸತ್ತೂ ಹೋದಳು. ಹೆಸರು ಮಾತ್ರ ಸಾಯಲಿಲ್ಲ. ಗಡಿಗೆ ಇಳಿಸಿದಾಗ ಅವಳು ಹತ್ತಿರ ಹೋದರೆ “ಮುಚ್ಚ್ರೆವಾ ಮುಚ್ಚ್ರಿ, ಬಂದಳು” ಎಂದು ನಗೆ. ಬಾಣಂತನದಲ್ಲಿ ಮೈ ಬಿಸಿಯಾಗಿ ಮಲಗಿದ್ದರೆ “ಏನ ತಿಂದಿದ್ದಿ, ಬೀಜಾನ?” ಎಂದು ನಗೆ. ಮಗಳು ಶಾಲೆಯಿಂದ ಬಂದು “ಅಮ್ಮಾ, ನಿನಗ ಹಂಗ ಯಾಕ ಅಂತಾರ?” ಎಂದು ಕೇಳಿದ್ದಳು. ಒಮ್ಮೆ ಊಟ ಚೆನ್ನಾಗಿದ್ದ ಖುಷಿಯಲ್ಲಿ ಮಲಂಗಸಾಬನೇ ಅವಳ ಗಲ್ಲ ಹಿಂಡಿ ಆ ಹೆಸರು ಕರೆದಿದ್ದ. ಪ್ರೀತಿಯಿಂದಲೇ ಕರೆದಿದ್ದ, ಅದು ಅವಳಿಗೂ ಗೊತ್ತು. ಆದರೆ ಅವತ್ತಿನಿಂದ ಅವನ ಪ್ರೀತಿಯ ಮಾತೆಲ್ಲ ಅವಳಿಗೆ ಸುಗ್ರಾಬಿಯ ಬಾಯಿಂದ ಬಂದಂತೆ ಕೇಳಿಸತೊಡಗಿತ್ತು. ಮಡಿ ಮಾಡಿದಳು, ನೀರು ಹಾಯಿಸಿದಳು, ಕಳೆ ಕಿತ್ತಳು, ಗೊಬ್ಬರ ಹೊತ್ತಳು. ಬೀಜವನ್ನು ಮಾತ್ರ ಅವಳ ಕೈಗೆ ಯಾರೂ ಕೊಡಲಿಲ್ಲ.

ಹೊತ್ತು ಮಾರುದ್ದ ಏರುವುದರೊಳಗೆ ಬಾವಿಯ ಕಟ್ಟೆಯ ಸುತ್ತ ಹೆಂಗಸರು ಸೇರಿದರು. ಎತ್ತು ಕಟ್ಟಿ ನೀರೆತ್ತುತ್ತಿದ್ದ ಬಾವಿಗೆ ಕರೆಂಟಿನ ಪಂಪು ಬಂದು ಎರಡು ವರ್ಷವಾಗಿತ್ತು, ಆದರೂ ಪಂಪು ನಡೆಯುವ ಹೊತ್ತಿಗೆ ಓಣಿಯವರು ಇನ್ನೂ ನಿಂತು ನೋಡುತ್ತಿದ್ದರು. ರೇಣುಕವ್ವ ತಟ್ಟೆಯಲ್ಲಿ ಮಾದಲಿ ತಂದಿದ್ದಳು, ಬೀಜ ಬಿದ್ದ ಮೇಲೆ ಎಲ್ಲರ ಬಾಯಿ ಸಿಹಿ ಮಾಡುವುದಕ್ಕೆ. ಸುಗ್ರಾಬಿ ಬೀಜವನ್ನು ಬಿಳಿ ಬಟ್ಟೆಯಲ್ಲಿ ಹಿಡಿದುಕೊಂಡು, ಮಿಂದ ತಲೆಯ ಮೇಲೆ ಸೆರಗು ಹೊದ್ದು ಬಂದಳು. ದಪ್ಪ ಹೆಂಗಸು, ನಡೆದರೆ ಮಡಿಯ ಏರಿ ಕುಸಿಯುತ್ತಿತ್ತು. ಅಲ್ಮಾಸಬಿ ಎಂದಿನಂತೆ ಎಲ್ಲರ ಹಿಂದೆ ನಿಂತಿದ್ದಳು. ನಗು ಮತ್ತೆ ಬರುತ್ತಿತ್ತು. ತುಟಿ ಕಚ್ಚಿಕೊಂಡಳು. ಈ ಮನೆಯ ರೂಢಿಯಲ್ಲಿ ಮೊದಲ ಬೀಜ ಮಣ್ಣಿಗೆ ಹೋದ ಮೇಲೆ ಕಡೆಯ ಬೀಜದವರೆಗೆ ಊರುವವಳು ಬಾಯಿ ಬಿಡುವಂತಿಲ್ಲ, ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ನೀ ಬಾಯಿ ಬಿಟ್ಟರೆ ಬೀಜ ಬಾಯಿ ಬಿಡುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಆ ಮೌನದಲ್ಲಿ ಸುಗ್ರಾಬಿ ತನ್ನ ಮಾನವನ್ನು ತಾನೇ ಒಂದೊಂದಾಗಿ ಹೂಳುವುದನ್ನು ನೋಡಬೇಕು ಎಂದು ಅಲ್ಮಾಸಬಿ ತುದಿಗಾಲಲ್ಲಿ ನಿಂತಳು.

ಸುಗ್ರಾಬಿ ಮಡಿಯ ಅಂಚಿಗೆ ಬಂದವಳು ನಿಂತಳು. ತಿರುಗಿ ಹೆಂಗಸರ ನಡುವೆ ಕಣ್ಣಾಡಿಸಿದಳು.

“ಅಲ್ಮಾಸ, ಮುಂದ ಬಾ.”

ಯಾರೋ ದಾರಿ ಬಿಟ್ಟರು. ಅಲ್ಮಾಸಬಿ, ಬುಟ್ಟಿಯೋ ಕಳೆ ತೆಗೆಯುವ ಕುರ್ಚಿಗೆಯೋ ಬೇಕಾಗಿದೆ ಎಂದುಕೊಂಡು ಮುಂದೆ ಹೋದಳು. ಸುಗ್ರಾಬಿ ಆ ಬಿಳಿ ಬಟ್ಟೆಯನ್ನು ಅವಳ ಅಂಗೈಯಲ್ಲಿ ಇಟ್ಟಳು.

“ಈ ಸಲ ನೀ ಹಾಕ. ಎಷ್ಟಂತ ನಾನ ಹಾಕಲಿ? ಮಾಡಿದ್ದೆಲ್ಲಾ ನಿನ್ನ ಕೈ, ಬೀಜ ಮಾತ್ರ ನಂದು ಅಂದ್ರ ಹೆಂಗ?”

ಹೆಂಗಸರಲ್ಲಿ ಗುಜುಗುಜು ಎದ್ದಿತು. ಮೋತಿಬಿ “ಬರೋಬರಿ ಮಾತು” ಅಂದಳು. ರೇಣುಕವ್ವ ಕಣ್ಣೊರೆಸಿಕೊಂಡಳು, ಅವಳಿಗೆ ಎಲ್ಲದಕ್ಕೂ ಕಣ್ಣೀರು ಬರುತ್ತದೆ. ಅಲ್ಮಾಸಬಿ ಅಂಗೈ ನೋಡಿಕೊಂಡಳು. ಎಷ್ಟು ವರ್ಷ ಈ ಕೈ ಬೇಡಿದ್ದು ಇದನ್ನೇ! ಕೇಳಿರಲಿಲ್ಲ, ಬಾಯಿ ಬಿಟ್ಟು ಎಂದೂ ಕೇಳಿರಲಿಲ್ಲ; ಆದರೆ ಪ್ರತಿ ವರ್ಷವೂ ಹೀಗೇ ಯಾರಾದರೂ ಕರೆಯುತ್ತಾರೆ ಎಂದು ಅಂದಿನ ದಿನ ತಲೆಗೆರೆದುಕೊಂಡೇ ಬಂದು ನಿಲ್ಲುತ್ತಿದ್ದಳು. ಇವತ್ತು ಎರೆದುಕೊಂಡಿರಲಿಲ್ಲ. ಬಟ್ಟೆಯೊಳಗಿನದು ಕಹಿ ಬೀಜ. ಈಗ ಇದು ತನ್ನ ಕೈಯಿಂದಲೇ ಮಣ್ಣಿಗೆ ಹೋಗುತ್ತದೆ, ಎರಡು ತಿಂಗಳಿಗೆ ಓಣಿ ಉಗುಳುವುದು ತನ್ನ ಕೈಗೆ. ಈಗಲೇ ಹೇಳಿಬಿಡಬೇಕು. ತಲೆ ಸುತ್ತುತ್ತಿದೆ ಎಂದಾದರೂ ಹೇಳಬೇಕು. ಮೊದಲ ಬೀಜ ಬಿದ್ದರೆ ಮುಗಿಯಿತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ರೇಣುಕವ್ವ ಬೆನ್ನ ಮೇಲೆ ಕೈಯಿಟ್ಟು “ಹಾಕ ನನ್ನವ್ವಾ, ಹಾಕ. ನಿಮ್ಮತ್ತಿ ನೋಡಾಕತ್ತಾಳ ಅಂತ ತಿಳಿ” ಅಂದಳು. ಬೆನ್ನಿನ ಮೇಲಿನ ಆ ಕೈ ಬೆಚ್ಚಗಿತ್ತು. ಅಲ್ಮಾಸಬಿ ಮೊಣಕಾಲೂರಿ ಕುಳಿತಳು. ಬಿಸ್ಮಿಲ್ಲಾ ಎಂದದ್ದು ಅವಳ ಬಾಯಿಯೋ ಬರೀ ತುಟಿಯೋ ಅವಳಿಗೇ ತಿಳಿಯಲಿಲ್ಲ.

ಮಣ್ಣು ಮೇಲೆ ಬೆಚ್ಚಗೂ ಒಳಗೆ ತಣ್ಣಗೂ ಇತ್ತು. ಬೆರಳಿನ ಎರಡನೆಯ ಗೆಣ್ಣಿನವರೆಗೆ ತೂರಿಸಿದರೆ ಅಲ್ಲೊಂದು ಬೇರೆ ಹವೆ ಇದೆ ಎಂದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಇದೇ ಮಣ್ಣನ್ನು ಅಗೆದಿದ್ದಾಳೆ, ಹೊತ್ತಿದ್ದಾಳೆ, ಬೈದಿದ್ದಾಳೆ. ಹೀಗೆ ಒಂದು ಬೆರಳಿನಿಂದ, ಕೇಳಿ ಒಳಗೆ ಹೋಗುವಂತೆ, ಎಂದೂ ಮುಟ್ಟಿರಲಿಲ್ಲ. ಬೀಜವನ್ನು ಚೂಪು ಕೆಳಗೆ ಮಾಡಿ ಇಳಿಸಿದಳು. ಮಣ್ಣು ತಾನೇ ಬಾಯಿ ಮುಚ್ಚಿಕೊಂಡಿತು. ಅಂಗೈಯಿಂದ ಸವರಿದಳು, ಗುರುತೇ ಉಳಿಯಲಿಲ್ಲ. ಮುಂದಿನದು. ಅದರ ಮುಂದಿನದು. ಬೆನ್ನಿನ ಮೇಲೆ ಎಳೆಬಿಸಿಲು, ಕಾಲುವೆಯಲ್ಲಿ ನಿನ್ನೆಯ ನೀರಿನ ವಾಸನೆ, ಸುತ್ತ ಇಷ್ಟು ಜನ ಇದ್ದೂ ಯಾರೂ ಮಾತಾಡದ ಮೌನ. ಅವರೆಲ್ಲ ತನಗಾಗಿ ಸುಮ್ಮನಿದ್ದರು. ತನಗಾಗಿ! ಇದು ಖುಷಿ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು, ಆದರೆ ಖುಷಿಯೇ. ಹೆರಿಗೆಯ ನಂತರ ಮಗಳನ್ನು ಮೊದಲು ಎದೆಗೆ ಹಾಕಿದಾಗ ಹೀಗಾಗಿತ್ತು, ಮತ್ತೆ ಆಗಿರಲಿಲ್ಲ. ಬೀಜ ಕಹಿಯದು ಎಂಬುದು ನೆನಪಿತ್ತು, ಆದರೆ ದೂರದ ಊರಿನ ಸುದ್ದಿಯಂತೆ ನೆನಪಿತ್ತು. ಕೈಗುಣ, ಕೈಗುಣ ಎನ್ನುತ್ತಾರಲ್ಲ, ಖರೆ ಇದ್ದರೆ ಇವತ್ತು ತನ್ನ ಕೈಯಲ್ಲಿ ಇರಬೇಕು. ಸಿಹಿಯಾಗಲಿ, ಹೇಗಾದರೂ ಸಿಹಿಯಾಗಲಿ ಎಂದು ಮನಸ್ಸಿನಲ್ಲೇ ಒಂದೊಂದು ಬೀಜಕ್ಕೂ ಹೇಳುತ್ತ ಹೋದಳು. ಅರ್ಧ ಮಡಿಗೆ ಬರುವ ಹೊತ್ತಿಗೆ ಸುಗ್ರಾಬಿಯ ಮೇಲೆ ಸಿಟ್ಟು ಎಲ್ಲಿದೆ ಎಂದು ಹುಡುಕಿಕೊಳ್ಳಬೇಕಾಯಿತು. ಕರೆದು ಕೊಟ್ಟಳಲ್ಲ, ಎಲ್ಲರ ಎದುರು ಕರೆದು ಕೊಟ್ಟಳು. ನಾನು ಎಂಥ ಹೊಲಸು ಮನಸ್ಸಿನವಳು. ರಾತ್ರಿ ಅವಳ ಕಾಲು ಹಿಡಿದು ಎಲ್ಲ ಹೇಳುತ್ತೇನೆ, ರೇಣುಕವ್ವನಲ್ಲಿ ಬೇರೆ ಬೀಜ ಬೇಡಿ ನಾಳೆಯೇ ಮತ್ತೆ ಹಾಕುತ್ತೇನೆ. ಕಾಲುವೆಯ ಕಡೆಯ ಮೂಲೆಯಲ್ಲಿ ಕೊನೆಯ ಬೀಜ ಊರಿ, ಸವರಿ, ಅವಳು ಮುಖ ಎತ್ತಿದಳು. ಕಣ್ಣು ಒದ್ದೆಯಾಗಿತ್ತು. ಅದನ್ನು ಮುಚ್ಚಿಡಲಿಲ್ಲ.

ಸುಗ್ರಾಬಿ ಅವಳನ್ನು ಎಬ್ಬಿಸಲೆಂದು ಬಾಗಿದಳು. ರಟ್ಟೆ ಹಿಡಿದಳು. ಕಿವಿಯ ಹತ್ತಿರ ಬಾಯಿ ತಂದು, ಉಳಿದವರಿಗೆ ಹರಕೆಯೆಂದು ಕಾಣುವ ಹಾಗೆ, ಮೆಲ್ಲಗೆ ಅಂದಳು:

“ಬೀಜ ಸಣ್ಣ ಆಗ್ಯಾವಲ್ಲ ಅಂತ ಗಡಿಗಿ ತಗದಾಗನ ನೋಡಿದ್ನಿ. ನಾಲಿಗಿಗೆ ಹಚ್ಚಿದ್ನಿ, ಕಹಿ. ಈ ಮನ್ಯಾಗ ಅಂಥಾ ಕೆಲಸ ಮಾಡಾಕಿ ಇನ್ಯಾರ ಅದಾರ? ಈಗ ಎಲ್ಲಾರೂ ನೋಡ್ಯಾರ, ಹಾಕಿದಾಕಿ ನೀನ. ಕಾಯಿ ಬರಲಿ, ನಿನಗ ಯಾವ ಹೆಸರು ಕೊಡ್ತಾರ ನೋಡೂಣು.”

ರಟ್ಟೆ ಬಿಟ್ಟು, ನೆಟ್ಟಗೆ ನಿಂತು, ನಗುತ್ತ, “ಆತು! ಛಲೋ ಹಾಕಿದಳು. ರೇಣುಕವ್ವಾರ, ಮಾದಲಿ ತರ್ರಿ” ಅಂದಳು.

ಅಲ್ಮಾಸಬಿ ಕುಳಿತೇ ಇದ್ದಳು. ಮೊದಲು ಅವಳಿಗೆ ತಗುಲಿದ್ದು ಭಯವಲ್ಲ. ಈಗಷ್ಟೇ ಬಂದಿದ್ದ ಆ ಖುಷಿ! ಅದನ್ನೂ ಸುಗ್ರಾಬಿ ಅಳೆದು ಕೊಟ್ಟಿದ್ದಳು. ತನಗೆ ಕಣ್ಣೀರು ಬರುವುದನ್ನು ನಿಂತು ನೋಡಿದ್ದಳು. ತಾನು ತೋಡಿದ ಹಳ್ಳ ಇದು, ಸರಿ, ಬಿದ್ದದ್ದೂ ತಾನೇ. ಆದರೆ ಇವಳು ಅದನ್ನು ಹೂವಿನ ಹಾಸಿಗೆ ಎಂದು ನಂಬಿಸಿ ಬೀಳಿಸಿದ್ದಳು. ಮುಂದೆ ಬರುವುದೆಲ್ಲ ಸ್ಪಷ್ಟವಾಗಿ ಕಂಡಿತು: ಬಾಯಿ ಮುಚ್ಚಿಕೊಂಡರೆ ಎರಡು ತಿಂಗಳು ನೀರು ಹಾಯಿಸುತ್ತ ಕಾಯಬೇಕು, ಆಮೇಲೆ ಓಣಿಯ ಉಗುಳು, ಆಮೇಲೆ ಸಾಯುವವರೆಗೆ ಹೊಸ ಹೆಸರು. ಹಳೆಯ ತಪ್ಪು ಗೊತ್ತಿಲ್ಲದೆ ಆದದ್ದು, ಅದಕ್ಕೇ ಇಷ್ಟು ವರ್ಷ. ರೇಣುಕವ್ವ ಮಾದಲಿಯ ತಟ್ಟೆ ಹಿಡಿದು ಅವಳ ಬಾಯಿಗೆ ಮೊದಲ ತುತ್ತು ಇಡಲು ಬಂದಳು. ಅಲ್ಮಾಸಬಿ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

“ತಡೀರಿ ಅಕ್ಕಾರ. ಇವು ಕಹಿ ಹೀರಿ ಬೀಜ. ನಾನ ಗಡಿಗ್ಯಾಗ ಬದಲ ಮಾಡಿ ಇಟ್ಟಿದ್ನಿ, ಭಾಬಿ ಹಾಕಲಿ, ಅವರ ಮಾರಿಗೆ ಎಲ್ಲಾರೂ ಉಗಳ್ಲಿ ಅಂತ. ಆದ್ರ ಭಾಬಿಗೂ ಗೊತ್ತಿತ್ತು. ಗೊತ್ತಿದ್ದ ನನ್ನ ಕೈಲೆ ಹಾಕಿಸ್ಯಾರ. ಈಗ ಕಿವ್ಯಾಗ ಹೇಳಿದ್ರು.”

ಸುಗ್ರಾಬಿಯ ನಗು ಮುಖದ ಮೇಲೆ ಇನ್ನೂ ಇತ್ತು. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯದಂತಿತ್ತು.

“ನೋಡ್ರಿ ನೋಡ್ರಿ, ತನ್ನ ಬಾಯ್ಲೆ ತಾನ ಒಪ್ಪಿದಳು!” ಎಂದು ಹೆಂಗಸರ ಕಡೆ ಕೈ ಮಾಡಿದಳು. “ಬದಲ ಮಾಡಿದಾಕಿ ಆಕಿ. ನಾ ಯಾಕ ಹೇಳ್ಬೇಕು? ಮಾಡಿದಾಕಿ ಉಣ್ಣಲಿ!”

ಮಾತು ಆಡಿದ ಮೇಲೆ, ತನಗೂ ಗೊತ್ತಿತ್ತೆಂದು ಒಪ್ಪಿದಂತಾಯಿತು ಎಂಬುದು ಅವಳಿಗೆ ಕೇಳಿಸಿರಬೇಕು. ರೇಣುಕವ್ವ ತಟ್ಟೆಯನ್ನು ಬಾವಿಯ ಕಟ್ಟೆಯ ಮೇಲೆ ಇಟ್ಟಳು. ಎಲ್ಲದಕ್ಕೂ ಅಳುವ ರೇಣುಕವ್ವನ ಕಣ್ಣಲ್ಲಿ ಈಗ ನೀರಿರಲಿಲ್ಲ.

“ಆಕಿ ಸಿಟ್ಟಿಗೆ ಮಾಡ್ಯಾಳ ಸುಗ್ರಾಬಿ. ಗಡಿಗ್ಯಾಗ ಇಟ್ಟಳು, ಮಣ್ಣಿಗೆ ಹಾಕಿರ್ಲಿಲ್ಲ. ನೀ ಹಿರ್ಯಾಕಿ. ಗೊತ್ತಿದ್ದು ಗೊತ್ತಿದ್ದು ಭೂಮಿತಾಯಿಗೆ ಹಾಕಿಸಿದೆಲ್ಲಾ? ನನ್ನ ಬಳ್ಳಿ ಇಲ್ಲೇ ಬಾಜೂಕ ಅದಾವ. ಹೂವಿಗೆ ಹೂ ಕೂಡಿದ್ರ ನನ್ನ ಬೀಜಕ್ಕೂ ಕಹಿ ಹತ್ತತಿತ್ತು. ಅದರ ಖಬರ ಇತ್ತಿಲ್ಲೋ ನಿನಗ?” ಆಮೇಲೆ ದನಿ ತಗ್ಗಿಸಿ, “ಕುಂಡ್ರು. ಒಂದ ಬಿಡಲಾರದಂಗ ಎಲ್ಲಾ ತಗಿ” ಅಂದಳು.

ಮೋತಿಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಯಾರೂ ಸುಗ್ರಾಬಿಯ ನೆರವಿಗೆ ಬರಲಿಲ್ಲ. ಅವಳು ಒಮ್ಮೆ ಮನೆಯ ಕಡೆ ನೋಡಿದಳು, ಒಮ್ಮೆ ಹೆಂಗಸರ ಕಡೆ ನೋಡಿದಳು, ಆಮೇಲೆ ತನ್ನ ದಪ್ಪ ಮೈಯನ್ನು ಕಷ್ಟಪಟ್ಟು ಮಡಿಯ ಮೇಲೆ ಇಳಿಸಿದಳು. ಮಿಂದು ಉಟ್ಟ ಸೀರೆ ಎರೆಮಣ್ಣಿನಲ್ಲಿ ಮೆತ್ತಿಕೊಂಡಿತು. ಎರಡು ಕೈಯಿಂದ ಕೆದಕಿದಳು. ಕರಿಯ ಮಣ್ಣಿನಲ್ಲಿ ಕರಿಯ ಬೀಜ. ಹೆಂಟೆಯನ್ನು ಬೀಜವೆಂದು ಹಿಡಿದಳು, ಒಡೆದಳು, ಬಿಸಾಡಿದಳು. ಮತ್ತೆ ಕೆದಕಿದಳು. ಬೆವರು ಹಣೆಯಿಂದ ಮೂಗಿಗೆ ಇಳಿಯಿತು, ಒರೆಸಲು ಹೋಗಿ ಮುಖದ ಮೇಲೆ ಕೆಸರಿನ ಗೆರೆ ಎಳೆದುಕೊಂಡಳು.

“ಎಲ್ಲೆಲ್ಲಿ ಹಾಕೀದಿ? ಹೇಳ” ಅಂದಳು, ತಲೆಯೆತ್ತದೆ.

ಎಲ್ಲೆಲ್ಲಿ ಎಂದು ಅಲ್ಮಾಸಬಿಯ ಬೆರಳಿಗೆ ಒಂದೂ ತಪ್ಪದೆ ಗೊತ್ತಿತ್ತು. ಕಣ್ಣು ಮುಚ್ಚಿ ಹೇಳಬಲ್ಲಳು. ಅವಳು ಎದ್ದು ಬದಿಗೆ ಸರಿದು ಕೈಯ ಮಣ್ಣು ಕೊಡವಿಕೊಂಡಳು.

“ಹುಡುಕ್ರಿ ಭಾಬಿ” ಅಂದಳು.

ಎಷ್ಟು ಹಿತವಾಗಿತ್ತು ಆ ನೋಟ! ಹೊಟ್ಟೆ ತಣ್ಣಗಾಯಿತು ಎನ್ನುತ್ತಾರಲ್ಲ, ಹಾಗೆ ನಿಜವಾಗಿಯೂ ಹೊಟ್ಟೆಯೊಳಗೆ ತಂಪು ಇಳಿಯಿತು. ತಾನು ಬಯಸಿದ್ದು ಓಣಿಯ ಉಗುಳು; ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಇಷ್ಟಾದರೂ ಸುಗ್ರಾಬಿಯ ಕೈ ಮಣ್ಣಿನಿಂದ ಒಂದೊಂದು ಬೀಜ ಎತ್ತಿ ಕಟ್ಟೆಯ ಮೇಲೆ ಹಾಕಿದಾಗ ಅಲ್ಮಾಸಬಿಗೆ ಹಲ್ಲು ಕಿತ್ತ ಹಾಗೆ ಆಗುತ್ತಿತ್ತು. ಅದು ಅವಳಿಗೇ ಅರ್ಥವಾಗಲಿಲ್ಲ. ಕಹಿಯವು, ಹೋಗಬೇಕಾದವೇ. ಆದರೆ ಅವಳು ಊರಿದವು. ಅವಳ ಬೆರಳು ಮಾಡಿದ ತಣ್ಣನೆಯ ಜಾಗದಲ್ಲಿ ಮಲಗಿದ್ದವು, ಒಂದೊಂದಕ್ಕೂ ಸಿಹಿಯಾಗು ಎಂದು ಹೇಳಿದ್ದಳು. ಇನ್ನು ಈ ಮನೆಯಲ್ಲಿ ಯಾರು ಅವಳ ಕೈಗೆ ಬೀಜ ಕೊಟ್ಟಾರು? ರೇಣುಕವ್ವನೂ ಸೀರೆ ಎತ್ತಿ ಕಟ್ಟಿ ಮಡಿಗೆ ಇಳಿದಳು, ಇನ್ನಿಬ್ಬರು ಇಳಿದರು. ಮಣ್ಣು ಅಡಿಮೇಲಾಗುತ್ತ ಕೈಗಳು ಕಾಲುವೆಯ ಕಡೆಗೆ ಸರಿದು ಬಂದವು. ಅಲ್ಮಾಸಬಿ ಮೆಲ್ಲಗೆ ನಡೆದು ಹೋಗಿ ಕೊನೆಯ ಬೀಜ ಊರಿದ್ದ ಆ ಮೂಲೆಯಲ್ಲಿ, ದಣಿದವಳ ಹಾಗೆ, ಸೀರೆಯ ನಿರಿಗೆ ಹರಡಿಕೊಂಡು ಕುಳಿತಳು. ಕೆಳಗೆ ನೆಲ ಇನ್ನೂ ಹಸಿಯಾಗಿತ್ತು.

ರೇಣುಕವ್ವ ಅವಳ ಹತ್ತಿರದವರೆಗೆ ಕೆದಕಿಕೊಂಡು ಬಂದು ಮುಖ ಎತ್ತಿದಳು.

“ನಿನ್ನ ಕೆಳಗ ಏನರ ಹಾಕಿಯೇನ ತಂಗಿ?”

“ಇಲ್ರಿ ಅಕ್ಕಾರ” ಅಂದಳು ಅಲ್ಮಾಸಬಿ, “ಇಲ್ಲಿ ಏನೂ ಹಾಕಿಲ್ಲ.”